ನೋಡದೆ ಎತ್ತುವ ಕೈ

ಬೈಂಡಿಂಗ್ ವಿಭಾಗದಲ್ಲಿ ನನಗೆ ಮೆಣಸಿನಕಾಯಿ ಅಂತ ಅಡ್ಡಹೆಸರು. ಎದುರಿಗೆ ಯಾರೂ ಕರೆಯಲ್ಲ, ಕರೆದರೆ ಏನಾಗುತ್ತೆ ಅಂತ ಅವರಿಗೂ ಗೊತ್ತು. ಮುಖಕ್ಕೇ ಕರೆಯೋರು ಒಬ್ಬರೇ ಇದ್ದರು, ದೊಡ್ಡಕ್ಕ. ನನಗೆ ಒಡಹುಟ್ಟಿದ ಅಕ್ಕನೇನೂ ಅಲ್ಲ. ಪ್ರೆಸ್ಸಿನಲ್ಲಿ ನಮ್ಮೆಲ್ಲರಿಗಿಂತ ಹಳಬರು, ಅದಕ್ಕೇ ಎಲ್ಲರಿಗೂ ದೊಡ್ಡಕ್ಕ. ಹದಿನೆಂಟು ವರ್ಷದ ಹಿಂದೆ ಕಾಗದ ಹಿಡಿಯೋದೂ ಗೊತ್ತಿಲ್ಲದೆ ಬಂದು ನಿಂತಿದ್ದ ನನಗೆ ಮಡಿಸೋದು, ಅಂಚು ಕೂರಿಸೋದು, ಅಂಟು ಹಚ್ಚೋದು ಎಲ್ಲ ಕಲಿಸಿದ್ದು ಅವರು. ನನ್ನ ಕೋಪಾನ ಹೊಟ್ಟೆಗೆ ಹಾಕಿಕೊಂಡಿದ್ದೂ ಅವರೇ. ಅಂಥವರಿಗೆ ನಾನು ಏನು ಮಾಡಿದೆ ಅನ್ನೋದನ್ನ ಹೇಳಬೇಕು. ಸುತ್ತಿ ಬಳಸಿ ಮಾತಾಡೋಳಲ್ಲ ನಾನು. ಈ ಒಂದು ವಿಷಯದಲ್ಲಿ ಮಾತ್ರ ಎರಡೂವರೆ ತಿಂಗಳು ಸುತ್ತಿ ಬಳಸಿದೆ, ಥೂ.

ಮೊದಲು ಕೆಲಸ ಏನು ಅಂತ ಹೇಳಿಬಿಡ್ತೀನಿ. ಪುಸ್ತಕ ಅಚ್ಚಾಗಿ ಬರುವಾಗ ಪುಸ್ತಕದ ಹಾಗೆ ಇರಲ್ಲ, ದೊಡ್ಡ ದೊಡ್ಡ ಹಾಳೆಗಳಾಗಿ ಬರುತ್ತೆ. ಒಂದು ಹಾಳೆ ಮಡಿಸಿದರೆ ಹದಿನಾರು ಪುಟ. ಅದಕ್ಕೆ ನಾವು ಫಾರಂ ಅಂತೀವಿ. ನೂರ ತೊಂಬತ್ತೆರಡು ಪುಟದ ಪುಸ್ತಕ ಅಂದರೆ ಹನ್ನೆರಡು ಫಾರಂ, ಟೇಬಲ್ ಮೇಲೆ ಹನ್ನೆರಡು ರಾಶಿ. ಒಂದೊಂದು ರಾಶಿಯಿಂದ ಒಂದೊಂದು ಎತ್ತಿ, ಕ್ರಮವಾಗಿ ಜೋಡಿಸಿ, ಅಂಟಿಗೆ ಕಳಿಸಬೇಕು. ಬೇರೆಯವರು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಎತ್ತುತ್ತಾರೆ. ದೊಡ್ಡಕ್ಕ ಎರಡೂ ಕೈಯಲ್ಲಿ ಎತ್ತೋರು. ಹತ್ತಿರದ ಸಾಲಿನಲ್ಲಿ ಒಂದರಿಂದ ಆರು, ಆಚೆ ಸಾಲಿನಲ್ಲಿ ಏಳರಿಂದ ಹನ್ನೆರಡು. ಎರಡೂ ಸಾಲು ಎಡದಿಂದ ಬಲಕ್ಕೆ. ಎಡಗೈ ಹತ್ತಿರದ್ದನ್ನ, ಬಲಗೈ ಆಚೆಯದನ್ನ ಎತ್ತಿಕೊಂಡು ಟೇಬಲ್ ಉದ್ದಕ್ಕೂ ಒಂದು ಸಲ ನಡೆದರೆ ಸಾಕು. ಕೊನೆಯಲ್ಲಿ ಎರಡನ್ನೂ ಸೇರಿಸಿ ಟಪ್ ಅಂತ ಕುಟ್ಟಿದರೆ ಒಂದು ಪುಸ್ತಕ. ದಿನಕ್ಕೆ ಆರುನೂರು.

ಒಂದನ್ನೂ ನೋಡ್ತಿರಲಿಲ್ಲ. ಬಾಯಿ ತನ್ನ ಪಾಡಿಗೆ ಸೊಸೆಯ ಸುದ್ದಿ, ಮೊಮ್ಮಗಳ ಸುದ್ದಿ ಹೇಳ್ತಿತ್ತು, ಕೈ ತನ್ನ ಪಾಡಿಗೆ ಎತ್ತುತ್ತಿತ್ತು. ರಾಶಿ ಇಡೋರೂ ಅವರೇ. ಹಿಂದಿನ ಸಂಜೆ ತಾವೇ ಜೋಡಿಸಿಟ್ಟು ಮನೆಗೆ ಹೋಗೋರು, ಬೆಳಿಗ್ಗೆ ಬಂದವರೇ ಶುರು ಹಚ್ಚಿಕೊಳ್ಳೋರು. ಪ್ರತಿ ಫಾರಂ ಬೆನ್ನಿಗೂ ಒಂದು ಸಣ್ಣ ಕಪ್ಪು ಗುರುತು ಇರುತ್ತೆ. ಕ್ರಮ ಸರಿಯಿದ್ದರೆ ಪುಸ್ತಕದ ಬೆನ್ನ ಮೇಲೆ ಆ ಗುರುತುಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ. ಮೆಟ್ಟಿಲು ನೋಡಿ ಅಂಟಿಗೆ ಬಿಡೋದು ಸೂಪರ್‌ವೈಸರ್ ಕೆಲಸ. ದೊಡ್ಡಕ್ಕನ ಟೇಬಲ್‌ಗೆ ಮಾತ್ರ ಮೆಟ್ಟಿಲು ನೋಡೋ ಪದ್ಧತಿಯೇ ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪಿಲ್ಲದವರ ಕೆಲಸಕ್ಕೆ ಮತ್ತೆ ಕಣ್ಣಾಡಿಸೋದು ಅವಮಾನ ಮಾಡಿದ ಹಾಗೆ ಅಂತ ನಮ್ಮ ಭಾವನೆ.

ಹಳೇ ಸೂಪರ್‌ವೈಸರ್ ಬಿಟ್ಟು ಹೋದಾಗ ಯಜಮಾನರು ಮೊದಲು ಕೇಳಿದ್ದು ದೊಡ್ಡಕ್ಕನನ್ನೇ. ಅವರು ನಕ್ಕುಬಿಟ್ಟರು. "ಕೈ ಸುಮ್ನಿದ್ರೆ ನಂಗೆ ತಲೆ ನೋಯುತ್ತೆ ಸಾರ್. ಮೆಣಸಿನಕಾಯಿಗೆ ಕೊಡಿ. ಅವಳ ಬಾಯಿ ಸುಮ್ನಿರಲ್ಲ, ಕುರ್ಚಿಗೆ ಅದೇ ಬೇಕಲ್ವಾ." ಹೀಗೆ ಕುರ್ಚಿ ನನಗೆ ಬಂತು. ಜೊತೆಗೆ ಯಜಮಾನರ ಒಂದು ಷರತ್ತೂ ಬಂತು. ತಿಂಗಳಿಗೆ ಎರಡು ಶನಿವಾರ, ಆರು ತಿಂಗಳು, ನಾಯಕತ್ವ ತರಬೇತಿ. ನನ್ನ ಬಾಯಿಗೆ ಕಡಿವಾಣ ಹಾಕೋಕೆ ಅಂತ ಅವರು ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಂಡೆ.

ಮೊದಲ ದಿನ ಬಡಬಡಿಸಿಕೊಂಡೇ ಹೋದೆ. ನಲವತ್ತೆರಡು ವಯಸ್ಸಿಗೆ ಬೆಂಚಿನ ಮೇಲೆ ಕೂತು ಏನು ಕಲಿಯೋದು ಅಂತ. ಆದರೆ ನಿಜ ಹೇಳಬೇಕು, ನನಗೆ ಅಲ್ಲಿ ಹಿತವಾಯಿತು. ನಲ್ಲಿ ಅಂಗಡಿಯವರು, ಆಸ್ಪತ್ರೆ ನರ್ಸು, ಬಸ್ ಡಿಪೋದವರು, ಎಲ್ಲ ನನ್ನ ಹಾಗೇ ಇದ್ದಕ್ಕಿದ್ದ ಹಾಗೆ ಕುರ್ಚಿ ಸಿಕ್ಕವರು. ಹೇಳಿಕೊಡೋ ಮೇಡಂ ಮೆತ್ತಗಿನ ಮಾತಿನವರು. ಅವರು ಹೇಳಿದ್ದನ್ನೆಲ್ಲ ಹೊಸ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡೆ. ಮನೆಯಲ್ಲಿ ಗಂಡ ಆಡಿಕೊಂಡ, "ಸ್ಕೂಲಲ್ಲಿ ಇಷ್ಟು ಬರೆದಿದ್ರೆ ಕಲೆಕ್ಟರ್ ಆಗ್ತಿದ್ದೆ" ಅಂತ.

ನಾಲ್ಕನೇ ಕ್ಲಾಸಿನ ಪಾಠ, ಕೆಲಸದಲ್ಲಿ ದಂಡವಾಗಿ ಹೋಗೋ ನಡಿಗೆ. ಮುಂದಿನ ಕ್ಲಾಸಿನೊಳಗೆ ನಿಮ್ಮ ಕಡೆ ಒಂದು ಬದಲಾವಣೆ ಮಾಡಿ ಬನ್ನಿ ಅಂದರು ಮೇಡಂ. ನನಗೆ ತಕ್ಷಣ ಹೊಳೆದದ್ದು ದೊಡ್ಡಕ್ಕನ ಟೇಬಲ್. ಆ ತುದಿ ಮುಟ್ಟಿದ ಮೇಲೆ ಬರೀಗೈಯಲ್ಲಿ ಈ ತುದಿಗೆ ವಾಪಸ್ ನಡೀತಾರಲ್ಲ, ದಿನಕ್ಕೆ ಆರುನೂರು ಸಲ. ಆಚೆ ಸಾಲನ್ನ ತಿರುಗಿಸಿ ಇಟ್ಟರೆ? ಈ ಕಡೆಯಿಂದ ಒಂದರಿಂದ ಆರು ಎತ್ತಿಕೊಂಡು ಹೋಗೋದು, ಟೇಬಲ್ ಸುತ್ತಿ ಆ ಕಡೆಯಿಂದ ಏಳರಿಂದ ಹನ್ನೆರಡು ಎತ್ತಿಕೊಂಡು ಬರೋದು. ಶುರು ಮಾಡಿದ ಜಾಗಕ್ಕೇ ಬಂದು ನಿಲ್ಲಬಹುದು. ಒಳ್ಳೆಯ ಯೋಚನೆಯೇ. ಈಗಲೂ ಹಾಗೇ ಅನ್ನಿಸುತ್ತೆ.

ಹೇಳಬೇಕಿತ್ತು, ಹೇಳಲಿಲ್ಲ. ಮರೆತೆ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೀನಿ. ಸುಳ್ಳು. ಹೇಳಿದರೆ ದೊಡ್ಡಕ್ಕ ಎಲ್ಲರ ಮುಂದೆ "ಇದ್ಯಾಕೆ ಬೇಕಿತ್ತು ನಿಂಗೆ?" ಅಂತ ಕೇಳ್ತಾರೆ, ಉತ್ತರ ಕೊಡೋಕೆ ಹೋಗಿ ನಾನು ತೊದಲುತ್ತೀನಿ, ಎಲ್ಲರೂ ಮುಸಿಮುಸಿ ನಗ್ತಾರೆ. ಮೆಣಸಿನಕಾಯಿ ಅಂತ ಹೆಸರಿದ್ದರೂ ಒಳಗೆ ನಾನು ಅಷ್ಟು ಪುಕ್ಕಲು. ಶುಕ್ರವಾರ ಸಂಜೆ ದೊಡ್ಡಕ್ಕ ನಾಳೆಯ ಕೆಲಸಕ್ಕೆ ಹನ್ನೆರಡು ರಾಶಿ ಇಟ್ಟು, "ಬರ್ತೀನಿ ಕಣೇ" ಅಂತ ಹೊರಟರು. ಅವರು ಗೇಟು ದಾಟಿದ ಮೇಲೆ ಆಚೆ ಸಾಲಿನ ಆರು ರಾಶಿಯನ್ನ ನಾನೊಬ್ಬಳೇ ಹಿಂದು ಮುಂದು ಮಾಡಿ ಇಟ್ಟೆ. ಬೆಳಿಗ್ಗೆ ಪುಟದ ಸಂಖ್ಯೆ ನೋಡಿದರೆ ತಾನೇ ಗೊತ್ತಾಗುತ್ತೆ, ಅಭ್ಯಾಸವಾದ ಮೇಲೆ ಅವರೇ ಮೆಚ್ಚಿಕೊಳ್ತಾರೆ ಅಂದುಕೊಂಡೆ. ಮರುದಿನ ನನಗೆ ಕ್ಲಾಸು.

ಆ ಶನಿವಾರದ ಪಾಠ ಏನು ಗೊತ್ತಾ? ಬದಲಾವಣೆಯನ್ನ ಜೊತೆಯವರಿಗೆ ಹೇಳೋದು ಹೇಗೆ. ನಾನು ಅದನ್ನೂ ದುಂಡಗೆ ಬರೆದುಕೊಂಡೆ. ಟೀ ಸಮಯದಲ್ಲಿ ಫೋನ್ ಕೈಗೆ ತೆಗೆದುಕೊಂಡೆ ಕೂಡ. ದೊಡ್ಡಕ್ಕನ ನಂಬರ್ ತನಕ ಹೋಗಿ, ಇಷ್ಟೊತ್ತಿಗೆ ನೋಡಿರ್ತಾರೆ ಬಿಡು ಅಂತ ಬ್ಯಾಗಿಗೆ ಹಾಕಿದೆ. ಆಮೇಲೆ ಬೋರ್ಡಿನ ಮುಂದೆ ನಿಂತು ನನ್ನ ಹೊಸ ಟೇಬಲ್ಲಿನ ಚಿತ್ರ ಬರೆದು ತೋರಿಸಿದೆ. ಮೇಡಂ ಬೆನ್ನು ತಟ್ಟಿದರು. ನಲ್ಲಿ ಅಂಗಡಿಯವರು ಚಪ್ಪಾಳೆ ಹೊಡೆದರು.

ಸೋಮವಾರ ಬಂದು ನೋಡಿದರೆ ಟೇಬಲ್ ಖಾಲಿ. ಆರುನೂರು ಪುಸ್ತಕವೂ ಅಂಟಾಗಿ, ರಕ್ಷಾಪುಟ ಹತ್ತಿ, ಅಂಚು ಕತ್ತರಿಸಿಕೊಂಡು ಕಟ್ಟು ಕಟ್ಟಿದ್ದವು. "ಶನಿವಾರ ಹೇಗಿತ್ತು ಅಕ್ಕ?" ಅಂದೆ. "ಹೇಗಿರುತ್ತೆ? ಯಾವಾಗಿನ ಹಾಗೇ" ಅಂದರು. ಯಾವಾಗಿನ ಹಾಗೇ ಅಂದರೆ ತಿರುಗಿಸಿಟ್ಟ ಸಾಲನ್ನೂ ನೋಡದೇ ಎತ್ತಿದ್ದಾರೆ. ಒಂದು ಕಟ್ಟು ಬಿಚ್ಚಿ ಒಂದೇ ಒಂದು ಪುಸ್ತಕ ತೆರೆದಿದ್ದರೆ ಮುಗಿದುಹೋಗ್ತಿತ್ತು. ತೆರೆಯಲಿಲ್ಲ. ತೆರೆದರೆ ಏನು ಕಾಣುತ್ತೆ ಅಂತ ಗೊತ್ತಿದ್ದವರೇ ತೆರೆಯೋಕೆ ಹೆದರೋದು.

ಎರಡು ವಾರಕ್ಕೆ ಪುಸ್ತಕಗಳು ವಾಪಸ್ ಬಂದವು. ನರ್ಸುಗಳ ಪರೀಕ್ಷೆಗೆ ಅಂತ ಮಾಡಿದ ಪ್ರಶ್ನೋತ್ತರದ ಪುಸ್ತಕ ಅದು. ಅಧ್ಯಾಯ ಇಲ್ಲ, ಚಿತ್ರ ಇಲ್ಲ, ಯಾವ ಪುಟ ತೆಗೆದರೂ ಒಂದೇ ಥರ. ಯಜಮಾನರು ನನ್ನನ್ನ ತಮ್ಮ ರೂಮಿಗೆ ಕರೆದು ಒಂದು ಪ್ರತಿ ಮುಂದಕ್ಕೆ ತಳ್ಳಿದರು.

"ತೊಂಬತ್ತಾರು ಆದ್ಮೇಲೆ ಎಷ್ಟು ಬರುತ್ತಮ್ಮ?"

"ತೊಂಬತ್ತೇಳು ಸಾರ್."

"ನಮ್ಮ ಪ್ರೆಸ್ಸಲ್ಲಿ ನೂರ ಎಪ್ಪತ್ತೇಳು ಬರುತ್ತೆ. ಯಾರ ಟೇಬಲ್ಲು?"

ನಾನು ಬಾಯಿ ತೆರೆದೆ. ಒಳಗಿದ್ದದ್ದು ಎಲ್ಲ ಬರಬೇಕಿತ್ತು. ಬಂದದ್ದು, "ದೊಡ್ಡಕ್ಕಂದು" ಅಂತ.

"ನೀನು ಮೆಟ್ಟಿಲು ನೋಡ್ಲಿಲ್ವಾ?"

"ಅವತ್ತು ಕ್ಲಾಸಿಗೆ ಹೋಗಿದ್ದೆ ಸಾರ್. ನೀವೇ ಕಳಿಸಿದ್ರಿ."

ಒಂದು ಅಕ್ಷರವೂ ಸುಳ್ಳಲ್ಲ ನೋಡಿ. ಟೇಬಲ್ ಅವರದ್ದೇ, ಎತ್ತಿದ ಕೈಯೂ ಅವರದ್ದೇ, ನಾನು ಕ್ಲಾಸಿನಲ್ಲೇ ಇದ್ದೆ. ಸುಳ್ಳು ಹೇಳದೆ ಇಷ್ಟು ದೊಡ್ಡ ಮೋಸ ಮಾಡಬಹುದು ಅಂತ ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ಯಜಮಾನರು ಕೆಟ್ಟವರಲ್ಲ. ದೊಡ್ಡಕ್ಕನನ್ನ ಕರೆಸಿ, ಕೂರಿಸಿ, ಪುಸ್ತಕ ಕೈಗೆ ಕೊಟ್ಟರು. ಅವರು ತೊಂಬತ್ತಾರನೇ ಪುಟ ತಿರುವಿದರು, ಮತ್ತೆ ತಿರುವಿದರು. ಇನ್ನೊಂದು ಪ್ರತಿ ತೆಗೆದು ಅದನ್ನೂ ನೋಡಿದರು. ಆಮೇಲೆ ಪುಸ್ತಕ ಬಿಟ್ಟು ತಮ್ಮ ಕೈಗಳನ್ನೇ ನೋಡುತ್ತ ಕೂತರು.

"ರಾಶಿ ನಾನೇ ಇಟ್ಟಿದ್ದೆ ಸಾರ್," ಅಂದರು. "ಸರಿಯಾಗೇ ಇಟ್ಟಿದ್ದೆ ಅನ್ಸುತ್ತೆ. ಒಂದೋ ಎರಡೋ ಆದ್ರೆ ಕೈ ತಪ್ಪಿತು ಅನ್ಬೋದು. ಆರುನೂರು. ಒಂದ್ಸಲಾನೂ ಗೊತ್ತಾಗ್ಲಿಲ್ಲ ಅಂದ್ರೆ ನನ್ನ ತಲೇಲೇ ಏನೋ ಕೆಟ್ಟಿದೆ."

"ಹಾಗೆಲ್ಲ ಅನ್ಬೇಡಿ ಅಕ್ಕ" ಅಂದೆ. ಅಷ್ಟೇ ಅಂದೆ.

ವಯಸ್ಸಾಯಿತು, ಇನ್ನು ಮನೇಲಿ ಆರಾಮಾಗಿರಲಿ ಅಂತ ತೀರ್ಮಾನವಾಯಿತು. ದೊಡ್ಡಕ್ಕ ಎದುರು ಮಾತಾಡಲಿಲ್ಲ. ಒಂದು ಗೋಡೆ ಗಡಿಯಾರ ಕೊಟ್ಟು ಬೀಳ್ಕೊಟ್ಟೆವು. ಬೀಳ್ಕೊಡುಗೆಯ ಮಾತಾಡಿದವಳು ನಾನೇ. ಹದಿನೆಂಟು ವರ್ಷದ ಹಿಂದಿನ ಮೊದಲ ದಿನದ ಕಥೆ ಹೇಳಿದೆ, ಎಲ್ಲರ ಕಣ್ಣಲ್ಲೂ ನೀರು ಬಂತು. ಕಟಿಂಗ್ ಮೆಷಿನ್ ನಡೆಸೋ ಮಾವನಂತೂ ಮೂಗು ಸೀಟಿದ. ಅವನು ನಮಗೆಲ್ಲ ವರಸೆಯಲ್ಲಿ ಮಾವನಲ್ಲ, ಬಾಯಲ್ಲಿ ಮಾವ. ದೊಡ್ಡಕ್ಕ ಹೋಗುವಾಗ ನನ್ನ ತಲೆ ಸವರಿ, "ಮೆಟ್ಟಿಲು ಎಲ್ಲರದೂ ನೋಡು ಇನ್ಮೇಲೆ" ಅಂದರು.

ಎಂಟನೇ ಕ್ಲಾಸಿನಲ್ಲಿ, ನೀವು ತೆಗೆದುಕೊಂಡ ಕಷ್ಟದ ನಿರ್ಧಾರ ಹೇಳಿ ಅಂದರು ಮೇಡಂ. ನನ್ನ ಸರದಿ ಬಂತು. ಹೇಳೋಕೆ ಬೇರೆ ಎಷ್ಟೋ ಇತ್ತು. ಆದರೂ ಈ ನಾಲಿಗೆ ಅಲ್ಲಿಗೇ ಹೋಯಿತು. ನನಗೆ ಕೆಲಸ ಕಲಿಸಿದವರನ್ನೇ, ವಯಸ್ಸಾಗಿ ತಪ್ಪು ಮಾಡಿದಾಗ, ಮನಸ್ಸು ಕಲ್ಲು ಮಾಡಿಕೊಂಡು ಕಳಿಸಿಕೊಡಬೇಕಾಯಿತು ಅಂದೆ. ನರ್ಸಮ್ಮ ನನ್ನ ಕೈ ಹಿಡಿದುಕೊಂಡಳು. ಮೇಡಂ, "ಇದಕ್ಕೆ ಧೈರ್ಯ ಬೇಕು" ಅಂದರು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಅಂತ ಗಂಡನಿಗೆ ಹೇಳಿ ಗೋಡೆ ಕಡೆ ತಿರುಗಿ ಮಲಗಿದೆ. ನನ್ನ ಮುಖ ನನಗೇ ಬೇಡವಾಗಿತ್ತು.

ಹತ್ತನೇ ಕ್ಲಾಸಿನಲ್ಲಿ ಕೊಟ್ಟ ಮನೆಗೆಲಸ ಹೀಗಿತ್ತು. ನಿಮ್ಮ ಜೊತೆ ಕೆಲಸ ಮಾಡಿದ ಒಬ್ಬರ ಹತ್ತಿರ ಕೂತು, ಹೇಗಿದ್ದೀರಿ ಅಂತ ಕೇಳಿ, ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕು. ಮಧ್ಯೆ ಬಾಯಿ ಹಾಕೋ ಹಾಗಿಲ್ಲ, ಸಮಾಧಾನ ಹೇಳೋ ಹಾಗಿಲ್ಲ. ನಾನು ದೊಡ್ಡಕ್ಕನ ಮನೆಗೆ ಹೋದೆ. ಯಾಕೆ ಅವರೇ ಅಂತ ಕೇಳಬೇಡಿ. ಕಾಲು ಅಲ್ಲಿಗೇ ಎಳೆಯಿತು.

ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲು ತೆರೆದದ್ದು ಸೊಸೆ. ಒಳಗೆ ಹೆಜ್ಜೆ ಇಡುತ್ತಲೇ ಕಂಡದ್ದು ಚೀಟಿಗಳು. ಬಾಗಿಲ ಹಿಂದೆ 'ಚಿಲಕ ಹಾಕಿದೆಯಾ?' ಒಲೆಯ ಮೇಲಿನ ಗೋಡೆಗೆ 'ಗ್ಯಾಸ್ ಆರಿಸು'. ನೀರಿನ ಫಿಲ್ಟರ್ ಪಕ್ಕ 'ಮಾತ್ರೆ ಒಂದೇ'. ಎಲ್ಲ ದೊಡ್ಡಕ್ಕನದೇ ಅಕ್ಷರ, ದಪ್ಪದಪ್ಪ.

"ಹೇಗಿದ್ದೀರಿ ಅಕ್ಕ?" ಅಂತ ಕೇಳಿ ಬಾಯಿಗೆ ಬೀಗ ಹಾಕಿಕೊಂಡೆ.

"ಹೇಗಿರ್ತೀನಿ, ಹುಷಾರಾಗಿರ್ತೀನಿ," ಅಂದು ನಕ್ಕರು. "ಎಲ್ಲಾದಕ್ಕೂ ಚೀಟಿ ನೋಡು. ತಲೆ ಡಾಕ್ಟರ ಹತ್ರಾನೂ ಕರ್ಕೊಂಡು ಹೋಗಿದ್ದ ಮಗ. ಅದೇನೋ ಮೆಷಿನ್ ಒಳಗೆ ಮಲಗಿಸಿದ್ರು. ಎಲ್ಲ ಸರಿಯಾಗಿದೆ ಅಂದ್ರು. ಸರಿಯಿದ್ರೆ ಆರುನೂರು ಪುಸ್ತಕ ಹೇಗೆ ತಪ್ಪಾಯ್ತು ಹೇಳಿ ಅಂದೆ. ಅದಕ್ಕೆ ಅವರ ಹತ್ರ ಉತ್ತರ ಇರ್ಲಿಲ್ಲ."

ಉತ್ತರ ಎದುರಿಗೇ ಕುರ್ಚಿಯ ಮೇಲೆ ಕೂತು ತಲೆ ಆಡಿಸುತ್ತಿತ್ತು.

ಅಷ್ಟರಲ್ಲಿ ಮೊಮ್ಮಗಳು ಅಂಬೆಗಾಲಿಟ್ಟುಕೊಂಡು ಬಂತು. ಎಂಟು ತಿಂಗಳ ಕೂಸು. ಅಜ್ಜಿಯ ಕಾಲ ಬುಡದಲ್ಲಿ ಕೂತು, ಎತ್ತಿಕೋ ಅಂತ ಎರಡೂ ಕೈ ಮೇಲೆ ಮಾಡಿತು. ದೊಡ್ಡಕ್ಕ ತಮ್ಮ ಎರಡೂ ಕೈಯನ್ನ ಸೆರಗಿನೊಳಗೆ ಸೇರಿಸಿಕೊಂಡು, "ಏ ಇವಳೇ, ಮಗೂನ ಕರ್ಕೋ" ಅಂತ ಸೊಸೆಯನ್ನ ಕೂಗಿದರು. ಮಗು ಅಳೋಕೆ ಶುರು ಮಾಡಿತು. ಸೊಸೆ ಎತ್ತಿಕೊಂಡು ನನ್ನ ಕಡೆ ತಿರುಗಿ, "ನೀವಾದ್ರೂ ಹೇಳಿ, ಕೆಲ್ಸ ಬಿಟ್ಟಾಗಿಂದ ಒಂದು ದಿನ ಎತ್ಕೊಂಡಿಲ್ಲ. ಇವಳು ದಿನಾ ಹೀಗೇ ಕೈ ಚಾಚ್ತಾಳೆ" ಅಂದಳು.

"ಈ ಕೈನ ನಂಬೋ ಹಾಗಿಲ್ಲಮ್ಮ," ಅಂದರು ದೊಡ್ಡಕ್ಕ. "ಕಾಗದ ಆದ್ರೆ ಮತ್ತೆ ಅಚ್ಚು ಹಾಕ್ಬೋದು."

ಹತ್ತು ನಿಮಿಷ ಅಂದಿದ್ದರು ಮೇಡಂ. ನಾನು ಮುಕ್ಕಾಲು ಗಂಟೆ ಬಾಯಿ ತೆರೆಯಲಿಲ್ಲ. ಆ ಪಾಠ ಅವತ್ತು ನನಗೆ ಎಷ್ಟು ಅನುಕೂಲವಾಯಿತು ಅಂದರೆ, ಸುಮ್ಮನಿರೋದೇ ನನ್ನ ಕೆಲಸ ಅನ್ನೋ ಹಾಗೆ ಕೂತೆ. ಟೀ ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ನೋಟ್‌ಬುಕ್ ತೆಗೆದು ಮನೆಗೆಲಸದ ಪಕ್ಕ 'ಮಾಡಿದೆ' ಅಂತ ಬರೆದೆ.

ಮುಂದಿನ ಕ್ಲಾಸಿನಲ್ಲಿ ಮೇಡಂ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. "ಕೇಳಿ ಏನು ತಿಳ್ಕೊಂಡ್ರಿ?" ನನ್ನ ಹತ್ತಿರ ಬಂದಾಗ ಎದ್ದು ನಿಂತೆ. ಆ ಮಗು ಮೇಲಕ್ಕೆ ಮಾಡಿದ ಎರಡು ಕೈ, ಅಜ್ಜಿ ಬಚ್ಚಿಟ್ಟುಕೊಂಡ ಎರಡು ಕೈ ಕಣ್ಣ ಮುಂದೆ ಬಂದು ನಿಂತವು. "ಕಷ್ಟದ ನಿರ್ಧಾರ ಅಂತ ಅವತ್ತು ನಾನು ಹೇಳಿದ ಕಥೆ ಸುಳ್ಳು ಮೇಡಂ," ಅಂದೆ. "ತಪ್ಪು ಮಾಡಿದ್ದು ಅವರಲ್ಲ, ನಾನು." ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟೆ. ಮೇಡಂ ಏನೋ ಕರೆದರು, ನಿಲ್ಲಲಿಲ್ಲ. ನಿಂತರೆ ಮತ್ತೆ ಕೂತುಬಿಡ್ತೀನಿ ಅನ್ನೋ ಭಯ.

ದೊಡ್ಡಕ್ಕ ಬಾಗಿಲು ತೆರೆದು, "ಏನೇ, ಕ್ಲಾಸಿಲ್ವಾ ಇವತ್ತು?" ಅಂದರು. ನಾನು ಒಳಗೆ ಹೋದವಳೇ ಊಟದ ಟೇಬಲ್ ಮೇಲಿದ್ದ ಚೀಟಿಯ ಪುಸ್ತಕ ತೆಗೆದುಕೊಂಡು ಹನ್ನೆರಡು ಚೀಟಿ ಹರಿದೆ. ಒಂದರಿಂದ ಹನ್ನೆರಡರ ತನಕ ಸಣ್ಣದಾಗಿ ಸಂಖ್ಯೆ ಬರೆದೆ. ಅವರ ಪದ್ಧತಿಯಂತೆ ಎರಡು ಸಾಲಾಗಿ ಇಟ್ಟೆ.

"ಎತ್ತಿ ಅಕ್ಕ."

"ಏನಾಟ ಇದು?"

"ದಮ್ಮಯ್ಯ, ಎತ್ತಿ."

ಕೈ ಮೊದಲು ಮುಂದೆ ಬರಲಿಲ್ಲ. ಆಮೇಲೆ ಬಂತು. ಬಂದ ಮೇಲೆ ಎಡಗೈ, ಬಲಗೈ ಎರಡೂ ತಮ್ಮಷ್ಟಕ್ಕೆ ತಾವು ಓಡಿದವು. ಕೊನೆಯಲ್ಲಿ ಎರಡನ್ನೂ ಸೇರಿಸಿ ಟಪ್ ಅಂತ ಕುಟ್ಟಿದರು. ತಿರುವಿ ನೋಡಿದರೆ ಒಂದರಿಂದ ಹನ್ನೆರಡು ಸರಿಯಾಗಿತ್ತು. ನಾನು ಅವನ್ನ ಮತ್ತೆ ಟೇಬಲ್ ಮೇಲೆ ಹಾಕಿ, ಆಚೆ ಸಾಲನ್ನ ಅವರ ಕಣ್ಣೆದುರಿಗೇ ಹಿಂದು ಮುಂದು ಮಾಡಿದೆ.

"ಆ ಶುಕ್ರವಾರ ನೀವು ಹೋದ್ಮೇಲೆ ನಾನು ಹೀಗೆ ಮಾಡಿದೆ," ಅಂದೆ. "ನಿಮ್ಮ ಕೈ ತಪ್ಪಿಲ್ಲ ಅಕ್ಕ. ನಿಮ್ಮ ತಲೆ ಕೆಟ್ಟಿಲ್ಲ. ರಾಶಿ ಸರಿಸಿದ್ದು ನಾನು. ಯಜಮಾನರು ಕೇಳಿದಾಗ್ಲೂ ಹೇಳ್ಲಿಲ್ಲ."

ದೊಡ್ಡಕ್ಕ ತಿರುಗಿಸಿಟ್ಟ ಸಾಲಿನ ಚೀಟಿಗಳನ್ನ ಒಂದೊಂದಾಗಿ ಮುಟ್ಟಿ ನೋಡಿದರು. ಅಡುಗೆಮನೆಯಲ್ಲಿ ಸೊಸೆ ನಲ್ಲಿ ನಿಲ್ಲಿಸಿದಳು.

"ನಾನು ಹೋಗ್ವಾಗ ಬರ್ತೀನಿ ಕಣೇ ಅಂದೆ," ಅಂದರು. "ನೀನು ಹೂಂ ಅಂದೆ."

"ಹೌದು."

"ಆಗ್ಲೇ ಮನಸ್ಸಲ್ಲಿತ್ತಾ?"

"ಇತ್ತು."

"ಹೇಳಿದ್ರೆ ಏನಾಗ್ತಿತ್ತು?"

"ನೀವು ಬೇಡ ಅಂತಿದ್ರಿ."

"ಅಂತಿದ್ದೆ," ಅಂದರು. "ಎರಡು ದಿನ ನಿನ್ನ ಬೈಕೊಂಡು ತಿರುಗ್ತಿದ್ದೆ. ಆಮೇಲೆ ಮಾಡ್ತಿದ್ದೆ. ಕುರ್ಚಿ ನಿಂಗೆ ಕೊಡಿ ಅಂದೋಳು ನಾನಲ್ವೇನೇ?"

ನನಗೆ ಅಳು ಬಂತು. ಅತ್ತರೆ ಅವರು ಸಮಾಧಾನ ಮಾಡಬೇಕಾಗುತ್ತೆ, ಅದೂ ಒಂದು ಮೋಸವೇ ಅಂತ ಹಲ್ಲು ಕಚ್ಚಿ ಹಿಡಿದೆ. ದೊಡ್ಡಕ್ಕ ಎದ್ದು ಒಲೆಯ ಹತ್ತಿರ ಹೋಗಿ ಗೋಡೆಯ ಚೀಟಿ ಕಿತ್ತರು. ಬಾಗಿಲ ಹಿಂದಿನದನ್ನೂ ಕಿತ್ತರು. ಕೈಯಲ್ಲಿ ಮುದುಡಿಕೊಂಡು ನನ್ನ ಎದುರು ನಿಂತರು.

"ಎರಡೂವರೆ ತಿಂಗಳು ಆ ಮಗು ನನ್ನ ಮುಂದೆ ಕೈ ಚಾಚಿದೆ ಕಣೇ," ಅಂದರು. ದನಿ ಏರಲಿಲ್ಲ. "ಎದ್ದು ಹೋಗು. ಇವತ್ತು ನಿನ್ನ ಮುಖ ನೋಡೋಕೆ ನನ್ನ ಕೈಲಾಗಲ್ಲ."

ಎದ್ದೆ. ಮೆಟ್ಟಿಲು ಇಳಿಯುವಾಗ ಒಳಗಿನಿಂದ ಮಗು ಕೇಕೆ ಹಾಕಿದ್ದು ಕೇಳಿಸಿತು. ಅಲ್ಲೇ ಕಂಬಿ ಹಿಡಿದುಕೊಂಡು ಕೂತು ಅತ್ತೆ.

ಸೋಮವಾರ ಯಜಮಾನರಿಗೆ ಹೇಳಿದೆ. ಅವರು ಹಣೆ ಒತ್ತಿಕೊಂಡರು. "ಆಗಿದ್ದು ಆಗೋಯ್ತು, ಪುಸ್ತಕ ಬೇರೆ ಮಾಡಿ ಕೊಟ್ಟಾಯ್ತು. ಈಗ ಕೆದಕೋದು ಯಾಕೆ? ಕೆಳಗಿನವರಿಗೆ ಹೇಳ್ಬೇಡ, ಸಸಾರ ಆಗೋಗ್ತೀಯ" ಅಂದರು. ಹಿಂದೆ ನಾನೂ ಹೀಗೇ ಯೋಚಿಸಿದ್ದಲ್ವಾ, ಅವರನ್ನ ಅಂದು ಏನು ಪ್ರಯೋಜನ. "ದೊಡ್ಡಕ್ಕನ್ನ ವಾಪಸ್ ಕರೆಸಿ ಸಾರ್," ಅಂದೆ. "ಇಲ್ಲಾಂದ್ರೆ ಈ ಕುರ್ಚಿ ನಂಗೆ ಬೇಡ." ಟೀ ಹೊತ್ತಿನಲ್ಲಿ ಎಲ್ಲರನ್ನೂ ಖಾಲಿ ಟೇಬಲ್ ಸುತ್ತ ನಿಲ್ಲಿಸಿ ಮೊದಲಿಂದ ಕೊನೆ ತನಕ ಹೇಳಿದೆ. ಕಟಿಂಗ್ ಮಾವ ಲೋಟ ಕೆಳಗಿಟ್ಟು, "ಬೀಳ್ಕೊಡೋ ದಿನ ಚೆನ್ನಾಗಿ ಮಾತಾಡಿದ್ಯಲ್ಲಮ್ಮ" ಅಂದ. ಬೈದಿದ್ದರೆ ತಡೆದುಕೊಳ್ತಿದ್ದೆ. ಮುಂದಿನ ಮೂರು ವಾರ ನನ್ನ ಟೇಬಲ್‌ಗೆ ಯಾರೂ ಟೀ ತಂದಿಡಲಿಲ್ಲ. ಕೊನೆಯ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಸರ್ಟಿಫಿಕೇಟ್ ಕೊಟ್ಟರು. ಅದು ಇನ್ನೂ ಬೀರುವಿನಲ್ಲಿ ಬಟ್ಟೆಯ ಕೆಳಗಿದೆ.

ಯಜಮಾನರೇ ಹೇಳಿಕಳಿಸಿ, ಮೂರು ವಾರದ ಮೇಲೆ ದೊಡ್ಡಕ್ಕ ಕೆಲಸಕ್ಕೆ ವಾಪಸ್ ಬಂದರು. ಎಲ್ಲರೂ ಎದ್ದು ಹೋಗಿ ಸುತ್ತುವರಿದರು, ನಾನು ನನ್ನ ಜಾಗದಲ್ಲೇ ನಿಂತಿದ್ದೆ. ಅವರು ಎಲ್ಲರ ಮಾತು ಮುಗಿಸಿ, ಟೇಬಲ್ ಹತ್ತಿರ ಹೋಗಿ, ಹನ್ನೆರಡು ರಾಶಿ ತಾವೇ ಇಟ್ಟುಕೊಂಡರು. ಹಳೇ ಪದ್ಧತಿಯಲ್ಲೇ. ಎಡಗೈ ಮೊದಲ ರಾಶಿಯ ಮೇಲೆ ಹೋಯಿತು, ಅಲ್ಲೇ ನಿಂತಿತು. ಬಗ್ಗಿ ಪುಟದ ಸಂಖ್ಯೆ ನೋಡಿದರು. ಎತ್ತಿದರು. ಬಲಗೈ ಏಳನೇ ರಾಶಿಗೆ ಹೋಯಿತು. ಅದನ್ನೂ ಬಗ್ಗಿ ನೋಡಿದರು. ಆಮೇಲೆ ಎತ್ತಿದರು.

ಸ್ವಲ್ಪ ದಿನ ಹೋದರೆ ಸರಿಹೋಗುತ್ತೆ ಅಂದುಕೊಂಡೆ. ತಿಂಗಳಾಯಿತು. ಈಗಲೂ ಒಂದೊಂದನ್ನೂ ನೋಡಿಯೇ ಎತ್ತುತ್ತಾರೆ. ಸೊಸೆಯ ಸುದ್ದಿ, ಮೊಮ್ಮಗಳ ಸುದ್ದಿ ಹೇಳಲ್ಲ, ಹೇಳಿದರೆ ಎಣಿಕೆ ತಪ್ಪುತ್ತೆ ಅಂತಾರೆ. ದಿನಕ್ಕೆ ಇನ್ನೂರ ಐವತ್ತು ಪುಸ್ತಕ ದಾಟಲ್ಲ. ಒಂದು ದಿನ ತಡೆಯಲಾರದೆ ಹತ್ತಿರ ಹೋಗಿ, "ಅಕ್ಕ, ನೋಡ್ಬೇಕಾಗಿಲ್ಲ. ಯಾರೂ ಏನೂ ಸರಿಸಿಲ್ಲ" ಅಂದೆ.

"ಗೊತ್ತು," ಅಂದರು. "ತಲೆಗೆ ಗೊತ್ತು. ಕೈಗೆ ಗೊತ್ತಾಗ್ತಿಲ್ಲ." ನನ್ನ ಹೆಸರು ಕೂಗಿ ಕರೆಯೋದನ್ನೂ ಬಿಟ್ಟಿದ್ದಾರೆ. ಮೆಣಸಿನಕಾಯಿ ಅಂತ ಅನ್ನಲ್ಲ. ಸೂಪರ್‌ವೈಸರ್ ಅಂತಾರೆ.

ಮೊನ್ನೆ ಯಜಮಾನರು ಕೆಳಗಿಳಿದು ಬಂದರು. ಕೈಯಲ್ಲಿ ದಿನದ ಕೆಲಸದ ಹಾಳೆ. ಎಲ್ಲರ ಎದುರಿಗೇ, "ಏನಮ್ಮ, ಒಂದು ಟೇಬಲ್ ಯಾಕೆ ಅರ್ಧಕ್ಕಿಂತ ಕಮ್ಮಿ ಬರ್ತಿದೆ? ಯಾರದ್ದು?" ಅಂದರು.

ದೊಡ್ಡಕ್ಕನ ಕೈ ನಾಲ್ಕನೇ ರಾಶಿಯ ಮೇಲೆ ನಿಂತಿತು. ಅವರು ತಲೆ ಎತ್ತಲಿಲ್ಲ.

"ನಂದು ಸಾರ್," ಅಂದೆ.

ಯಜಮಾನರು ಒಂದು ಸಲ ನನ್ನ ನೋಡಿದರು, ಒಂದು ಸಲ ಟೇಬಲ್ ನೋಡಿದರು, ಹಾಳೆ ಮಡಿಸಿಕೊಂಡು ಮೇಲೆ ಹೋದರು. ದೊಡ್ಡಕ್ಕ ಬಗ್ಗಿ ನಾಲ್ಕನೇ ಫಾರಂನ ಸಂಖ್ಯೆ ನೋಡಿದರು. ಎತ್ತಿದರು. ಹತ್ತನೆಯದನ್ನ ನೋಡಿದರು. ಎತ್ತಿದರು. ನಾನು ಟೇಬಲ್ಲಿನ ತುದಿಯಲ್ಲಿ ನಿಂತು ಅವರು ಕುಟ್ಟಿ ಇಟ್ಟ ಪುಸ್ತಕದ ಮೆಟ್ಟಿಲು ನೋಡಿ ಅಂಟಿಗೆ ಕಳಿಸಿದೆ. ಇವತ್ತಿನ ತನಕ ಒಂದೂ ತಪ್ಪಿಲ್ಲ.